ಮೇಯುತ್ತಲೇ ಬರುವ ಬೇಟೆ

ಗೊರಸಣ್ಣ ತೀರಿಕೊಂಡು ತಿಂಗಳಾಗುತ್ತ ಬಂತು. ಒಣಹುಲ್ಲಿನ ಧೂಳು ಕುಡಿದು ಕುಡಿದು ಅವನ ಎದೆ ಕೈಕೊಟ್ಟಿತ್ತು. ಪುಸ್ತಕದಲ್ಲಿ ಯಾವುದಾದರೂ ಪ್ರಾಣಿಯ ಬಗ್ಗೆ ಹೊಸ ಮಾತು ಸಿಕ್ಕರೆ ಅವನಿಗೆ ಹೇಳಬೇಕೆಂದು ನಾನು ಈಗಲೂ ಪುಟದ ಮೂಲೆ ಮಡಿಚುತ್ತೇನೆ. ಮಡಿಚಿದ ಮೇಲೆ ನೆನಪಾಗುತ್ತದೆ.

ನಾವಿಬ್ಬರೂ ಒಂದೇ ಮೃಗಾಲಯದಲ್ಲಿ ಕೆಲಸಕ್ಕಿದ್ದೆವು. ಬೇಲಿಗಳ ಮುಂದೆ ನಿಲ್ಲಿಸುವ ವಿವರ ಫಲಕಗಳನ್ನು ಬರೆಯುವುದು ನನ್ನ ಕೆಲಸ: ಪ್ರಾಣಿಯ ಹೆಸರು, ಆಯುಸ್ಸು, ಆಹಾರ. ಅವನದು ಹುಲ್ಲು ತಿನ್ನುವ ಪ್ರಾಣಿಗಳ ಪಾಲನೆ. ಮೆತ್ತನೆಯ ಅಂಗಳದಲ್ಲಿ ನಿಂತು ನಿಂತು ಅವುಗಳ ಗೊರಸು ಸವೆಯದೆ ಚಪ್ಪಲಿಯ ತುದಿಯ ಹಾಗೆ ಮೇಲಕ್ಕೆ ಬಾಗುತ್ತದೆ. ಕತ್ತೆಯ ಕಾಲನ್ನು ತನ್ನ ಮೊಣಕಾಲುಗಳ ನಡುವೆ ಸಿಕ್ಕಿಸಿಕೊಂಡು, ಅರದಿಂದ ಉಜ್ಜುತ್ತ, ಅದರ ಜೊತೆ ಮನೆಯ ಕಷ್ಟಸುಖ ಮಾತಾಡುತ್ತ ಅವನು ಕೂತಿರುತ್ತಿದ್ದ. ಹಾಗಾಗಿಯೇ ಆ ಅಡ್ಡಹೆಸರು. ಅವನ ಸ್ವಂತ ಅಕ್ಕನೂ ಅವನನ್ನು ಹಾಗೇ ಕರೆಯುತ್ತಿದ್ದಳು.

ಮೃಗಾಲಯದಲ್ಲಿ ಒಂದು ಪದ್ಧತಿ ಇತ್ತು. ಮಾಂಸ ತಿನ್ನುವ ಪ್ರಾಣಿಗಳ ಮನೆಗೆ ಎರಡು ಬಾಗಿಲು, ಎರಡು ಬೀಗ, ಇಬ್ಬರು ಆಳು. ಹುಲ್ಲು ತಿನ್ನುವವಕ್ಕೆ ಒಂದೇ ಚಿಲಕ, ಒಬ್ಬನೇ ಆಳು. ಹುಲಿಮನೆಯವರು ಇದನ್ನೇ ಹಿಡಿದುಕೊಂಡು ಗೊರಸಣ್ಣನನ್ನು ಕಿಚಾಯಿಸುತ್ತಿದ್ದರು. "ನಿಮ್ಮವೆಲ್ಲ ನಮ್ಮವರ ಊಟ ಕಣಯ್ಯ. ಊಟಕ್ಕೆ ಯಾರಾದ್ರೂ ಎರಡು ಬೀಗ ಹಾಕ್ತಾರಾ?"

ಒಂದು ದಿನ ಮೇವಿನ ಕೊಟ್ಟಿಗೆಯಲ್ಲಿ ಅವನು ನನ್ನನ್ನು ಕೇಳಿದ. "ಅಲ್ವೋ, ಗೊರಸಿರೋದು ಯಾವಾಗ್ಲೂ ಊಟನೇ ಆಗ್ಬೇಕಾ? ಅದೇ ಬೇಟೆ ಆಡೋ ಹಾಗೆ ಬೆಳೀಬಾರ್ದಿತ್ತಾ?"

ನನಗೆ ಓದಿದ್ದನ್ನು ಹೇಳುವ ಚಪಲ. ಹೇಳಿದೆ. ಗೊರಸು ಅನ್ನುವುದು ಓಡುವುದಕ್ಕೆ ಗಟ್ಟಿಯಾದ ಉಗುರು, ಅದರಲ್ಲಿ ಏನನ್ನೂ ಹಿಡಿಯಲಾಗದು. ಜಿಂಕೆಗೆ ಮುಂದಿನ ಮೇಲ್ಹಲ್ಲೇ ಇಲ್ಲ. ಕಣ್ಣುಗಳು ತಲೆಯ ಎರಡು ಪಕ್ಕದಲ್ಲಿ, ಅಟ್ಟಿಸಿಕೊಂಡು ಬರುವವರನ್ನು ನೋಡಲು ಇರುವಂಥವು. ಆದರೆ ಹಂದಿಗೂ ಗೊರಸಿದೆ, ಅದು ಸಿಕ್ಕಿದ್ದನ್ನೆಲ್ಲ ತಿನ್ನುತ್ತದೆ. ಕೋಟಿಗಟ್ಟಲೆ ವರ್ಷಗಳ ಹಿಂದೆ ಬೆರಳ ತುದಿಯಲ್ಲಿ ಪುಟ್ಟ ಗೊರಸುಗಳಿದ್ದ ಮಾಂಸಾಹಾರಿಗಳೂ ಇದ್ದವು. ಇನ್ನು ತಿಮಿಂಗಿಲ, ಅದು ಗೊರಸಿನವರ ಮನೆತನದ್ದೇ. ನೀರಿಗಿಳಿದು ಬೇಟೆಗೆ ನಿಂತಿತು.

"ಅಂದ್ರೆ ಬೇಟೆಗಾರ ಆಗೋಕೆ ಅದು ಗೊರಸನ್ನೇ ಬಿಡ್ಬೇಕಾಯ್ತು," ಎಂದ ಗೊರಸಣ್ಣ. ಅರವನ್ನು ಒರೆಸುತ್ತ, "ನಂಗೇನೋ ಅನ್ಸುತ್ತೆ, ಮೊದ್ಲು ಬರೋದು ಹಲ್ಲಲ್ಲ. ಮೊದ್ಲು ಬರೋದು ರುಚಿ. ಹಲ್ಲು ಆಮೇಲೆ ನಿಧಾನಕ್ಕೆ ಬಂದ್ರೆ ಸಾಕು," ಎಂದ.

ನಾನು ನಕ್ಕೆ. "ಜಿಂಕೆ ಆಹಾರ: ಹುಲ್ಲು, ಎಲೆ, ಕಾಯಿ. ನಾನೇ ಬೋರ್ಡಲ್ಲಿ ಬರ್ದಿದೀನಿ."

"ನಿನ್ನ ಬೋರ್ಡು ಜನ ಓದ್ತಾರೆ ಮಾರಾಯಾ. ಜಿಂಕೆ ಓದಲ್ಲ."

ಆ ಮಾತು ಅಲ್ಲಿಗೇ ಮುಗಿಯಬೇಕಿತ್ತು. ಮುಗಿಯಲಿಲ್ಲ.

ಅವನ ಅಕ್ಕ ಹಕ್ಕಿಗಳನ್ನು ನೋಡಿಕೊಳ್ಳುತ್ತಿದ್ದಳು. ಗಂಡ ಸತ್ತ ಮೇಲೆ ತಮ್ಮನೇ ತಂದು ಸೇರಿಸಿದ್ದ ಕೆಲಸ. ಇಷ್ಟು ವರ್ಷ ದಿನಗೂಲಿಯಲ್ಲಿದ್ದವಳನ್ನು ಆ ತಿಂಗಳು ಕಾಯಂ ಮಾಡುವವರಿದ್ದರು. ಅವಳ ಸುಪರ್ದಿನಲ್ಲಿ ಒಂದು ಜೋಡಿ ದೊಡ್ಡ ಕೊಕ್ಕರೆಗಳಿದ್ದವು. ಅಪರೂಪದ ಜಾತಿ, ನೆಲದ ಮೇಲೆಯೇ ಗೂಡು ಕಟ್ಟುವಂಥವು. ಅದೇ ಅಂಗಳದಲ್ಲಿ ಒಂದು ಹೆಣ್ಣು ಜಿಂಕೆಯನ್ನೂ ಬಿಟ್ಟಿದ್ದರು. ತಾಯಿ ಸತ್ತಾಗ ಅಕ್ಕನೇ ಬಾಟಲಿಯಲ್ಲಿ ಹಾಲು ಕುಡಿಸಿ ಬೆಳೆಸಿದ ಜಿಂಕೆ ಅದು. ಉಳಿದ ಜಿಂಕೆಗಳು ಅದನ್ನು ಹತ್ತಿರ ಸೇರಿಸುತ್ತಿರಲಿಲ್ಲ. ಹುಲ್ಲು ತಿನ್ನುವ ಪ್ರಾಣಿ ಹಕ್ಕಿಗಳ ಜೊತೆ ಇದ್ದರೆ ತೊಂದರೆಯಿಲ್ಲ ಎಂಬುದೂ ಪದ್ಧತಿಯೇ. ಅಕ್ಕ ಅದನ್ನು "ಕೂಸೇ" ಎಂದು ಕರೆದರೆ ಓಡಿಬಂದು ಅವಳ ಸೊಂಟಕ್ಕೆ ಹಣೆ ಒತ್ತಿ ನಿಲ್ಲುತ್ತಿತ್ತು.

ಕೊಕ್ಕರೆಗಳಿಗೆ ಎರಡು ಮರಿಗಳಾದವು. ಪತ್ರಿಕೆಯವರು ಬಂದು ಫೋಟೊ ತೆಗೆದುಕೊಂಡು ಹೋದರು. ಅದೇ ವಾರ ಒಂದು ಬೆಳಗ್ಗೆ ನೋಡಿದರೆ ಒಂದು ಮರಿ ಇಲ್ಲ.

ಬೇಲಿಯಲ್ಲಿ ತೂತಿರಲಿಲ್ಲ. ನೆಲದಲ್ಲಿ ಹೆಜ್ಜೆ ಇರಲಿಲ್ಲ, ರಕ್ತವಿರಲಿಲ್ಲ, ಒಂದು ಎಳೆ ತುಪ್ಪಳವೂ ಇರಲಿಲ್ಲ. ಆ ಬೆಳಗ್ಗೆ ಒಳಗೆ ಹೋಗಿಬಂದವಳು ಅಕ್ಕ ಒಬ್ಬಳೇ. ಅಂಥ ಮರಿಯನ್ನು ಕದ್ದು ಕೊಳ್ಳುವ ಶ್ರೀಮಂತರು ಹೊರಗಿದ್ದಾರೆ ಎಂದು ಯಾರೋ ಅಂದರು. ಮಧ್ಯಾಹ್ನದೊಳಗೆ ಎಲ್ಲರೂ ಅಂದರು. ಸೂಪರಿಂಟೆಂಡೆಂಟ್ ಸಾಹೇಬರು ಅಕ್ಕನನ್ನು ಕರೆಸಿ, "ಮರಿ ಎಲ್ಲಿ ಅಂತ ಹೇಳಿ. ಇಲ್ಲದಿದ್ರೆ ಸೋಮವಾರದಿಂದ ಬರಬೇಡಿ. ಪೊಲೀಸ್ರಿಗೆ ಹೇಳದೆ ಬಿಡ್ತಿದ್ದೀನಲ್ಲ, ಅದೇ ದೊಡ್ಡದು," ಎಂದರು.

ಅಕ್ಕ ಏನೂ ಹೇಳಲಿಲ್ಲ. ಅವಳು ಜಗಳಗಂಟಿ. ಕಾಳಿನ ಮೂಟೆ ಒಂದು ಹಿಡಿ ಕಡಿಮೆ ಬಂದರೆ ಉಗ್ರಾಣದವನ ಬೆವರಿಳಿಸುವವಳು. ಅಂಥವಳು ಕಳ್ಳಿ ಎನ್ನಿಸಿಕೊಂಡು ಸುಮ್ಮನೆ ಹೊರಗೆ ಬಂದದ್ದು ನಮಗೆಲ್ಲ ವಿಚಿತ್ರವಾಗಿ ಕಂಡಿತು. ತಪ್ಪು ಮಾಡಿದವಳ ಮೌನ ಅದು ಎಂದುಕೊಂಡವರೇ ಹೆಚ್ಚು.

ಗೊರಸಣ್ಣ ಹಾಗೆಂದುಕೊಳ್ಳಲಿಲ್ಲ. ಮೇವಿನ ಕೊಟ್ಟಿಗೆಯ ಬಾಗಿಲು ಮುಂದೆಮಾಡಿ ನನ್ನ ಹತ್ತಿರ ಪಿಸುಗುಟ್ಟಿದ. "ಜಿಂಕೆ ಕಣೋ. ಹೋದ ತಿಂಗಳು ಸತ್ತ ಗುಬ್ಬಚ್ಚಿ ಒಂದು ಅಂಗಳದಲ್ಲಿ ಬಿದ್ದಿತ್ತು. ಅದು ಮೂಸಿ, ತುಟಿಯಲ್ಲಿ ಎತ್ಕೊಂಡು, ಹುಲ್ಲು ಜಗಿಯೋ ಹಾಗೇ ಜಗೀತು. ನಾನೇ ನೋಡ್ದೆ."

"ಅಕ್ಕನಿಗೆ ಹೇಳ್ದೆಯಾ?"

"ಹೇಳ್ದೆ. ನೀರಿನ ಬಕೆಟ್ ತಗೊಂಡು ಹೊಡೆಯೋಕೆ ಬಂದ್ಲು."

ಅವನು ಮೊದಲು ಮಾಡಿದ ಕೆಲಸವೆಂದರೆ ಜಿಂಕೆಯನ್ನು ಆ ಅಂಗಳದಿಂದ ಹೊರತಂದು ಪಕ್ಕದ ಸಣ್ಣ ದೊಡ್ಡಿಗೆ ಹಾಕಿದ್ದು. ಆಮೇಲೆ ನಮ್ಮ ಪಶುವೈದ್ಯೆಯ ಹತ್ತಿರ ಹೋದ. ಡಾಕ್ಟರಮ್ಮ ಅವನನ್ನು ನೋಡಿ ನಗಲಿಲ್ಲ. ಜಿಂಕೆಗಳು ಮೂಳೆ ಕಡಿಯುವುದು, ಗೂಡಿನಿಂದ ಬಿದ್ದ ಹಕ್ಕಿಮರಿ ತಿನ್ನುವುದು ಬೇರೆ ಕಡೆಗಳಲ್ಲೂ ಕಂಡದ್ದೇ, ಸುಣ್ಣ ಮತ್ತು ರಂಜಕದ ಕೊರತೆಯಾದಾಗ ಹಾಗೆ ಮಾಡುತ್ತವೆ, ಕೊರತೆ ಇಲ್ಲದಾಗಲೂ ಮಾಡಿಯಾವು ಎಂದರು. ನಾನೂ ಸೇರಿ ಮೂವರೂ ಸಾಹೇಬರ ಕೋಣೆಗೆ ಹೋದೆವು.

"ಅಕ್ಕನ್ನ ಉಳಿಸೋಕೆ ಜಿಂಕೆ ಮೇಲೆ ಹಾಕ್ತಿದ್ದೀಯಾ?" ಎಂದರು ಸಾಹೇಬರು. ಅವರು ಕೆಟ್ಟವರಲ್ಲ. ಮೇಲಿನವರಿಗೆ ಅವರೂ ಉತ್ತರ ಕೊಡಬೇಕಿತ್ತು. "ನಾಳೆ ಪೇಪರ್‌ನವರು ಕೇಳಿದ್ರೆ ಏನಂತ ಹೇಳ್ಲಿ? ಜಿಂಕೆ ಕೊಕ್ಕರೆ ತಿಂತು ಅಂತಲಾ? ಡಾಕ್ಟ್ರೇ, ನೀವಾದ್ರೂ ಹೇಳ್ಬಾರ್ದಾ?"

"ತಿನ್ನಬಹುದು ಅಂತ ಹೇಳ್ತೀನಿ ಸರ್. ತಿಂದಿದ್ದನ್ನ ನಾನು ನೋಡಿಲ್ಲ."

"ಅದೇ ಮತ್ತೆ. ಯಾರು ನೋಡಿದ್ದಾರೆ?"

ಗೂಬೆಗಳಿಗೆಂದು ತರಿಸುವ ಸತ್ತ ಕೋಳಿಮರಿಗಳಲ್ಲಿ ಒಂದನ್ನು ತಂದು ಜಿಂಕೆಯ ಮುಂದಿಟ್ಟು ನೋಡಿದೆವು. ಜಿಂಕೆ ಮೂಸಿತು. ಕಿವಿ ಒದರಿತು. ಮುಖ ತಿರುಗಿಸಿಕೊಂಡು ಹೋಗಿ ಒಂದು ಸೊಪ್ಪಿನ ಕಡ್ಡಿ ಕಚ್ಚಿತು. ಸಾಹೇಬರು ನಮ್ಮ ಕಡೆ ತಿರುಗಿದರು. ಬೇಲಿಯಾಚೆ ನಿಂತಿದ್ದ ಅಕ್ಕ ಉಸಿರು ಬಿಟ್ಟಳು, "ನಾ ಹೇಳಿರ್ಲಿಲ್ವಾ" ಎನ್ನುವಂತೆ.

ಆಗ ಗೊರಸಣ್ಣನ ಬಾಯಿಂದ ಆ ಮಾತು ಬಂತು. "ಸರ್, ಬದುಕಿರೋ ಮರಿ ಇರೋ ಕಡೆ ಬಿಟ್ಟು ನೋಡಿ."

ಹೇಳಿದವನೇ ಬೆಚ್ಚಿದ್ದು ನನಗೆ ಕಂಡಿತು. ಡಾಕ್ಟರಮ್ಮ, "ಉಳಿದಿರೋದು ಒಂದೇ ಮರಿ!" ಎಂದರು. ಆದರೆ ಸಾಹೇಬರು ಆ ಮಾತನ್ನು ಹಿಡಿದುಕೊಂಡರು. ಇಷ್ಟು ದಿನ ಜೊತೆಗೇ ಇತ್ತಲ್ಲ, ಇನ್ನೊಂದು ಬೆಳಗ್ಗೆ ಇದ್ದರೆ ಏನು, ಏನೂ ಆಗುವುದಿಲ್ಲ, ಇದನ್ನೆಲ್ಲ ಒಮ್ಮೆ ಮುಗಿಸಿಬಿಡೋಣ ಎಂದರು. ಒಂದೇ ಷರತ್ತು. "ಬಾಯಿಗೆ ತಗೊಳ್ಳೋವರೆಗೂ ಯಾರೂ ಅಲುಗಾಡಬಾರ್ದು. ಮೂಸಿದ್ದನ್ನೇ ತಿಂದಿದ್ದು ಅಂತ ನನ್ನ ಮುಂದೆ ಹೇಳ್ಬೇಡಿ. ತಿಂದ್ರೆ ನಿಮ್ಮಕ್ಕ ಕಾಯಂ. ತಿನ್ನದಿದ್ರೆ ಸಂಜೆನೇ ಮನೆಗೆ."

ಅಂದು ಮನೆಗೆ ಹೋಗುವಾಗ ಬಸ್‌ಸ್ಟಾಪಿನಲ್ಲಿ ಕೇಳಿದೆ. "ಮರಿ ಸಾಯ್ಲಿ ಅಂತ ಬಿಡ್ತೀಯಾ?"

"ಬಾಯಿಗೆ ತಗೊಂಡ ತಕ್ಷಣ ನುಗ್ಗಿ ಬಿಡಿಸ್ತೀನಿ."

"ಆಗುತ್ತಾ?"

ಬಸ್ಸು ಬಂತು. ಅವನು ಹತ್ತಲಿಲ್ಲ. "ಗೊತ್ತಿಲ್ಲ ಕಣೋ," ಎಂದು ಅಲ್ಲೇ ನಿಂತ. ಆ ರಾತ್ರಿಯನ್ನು ಅವನು ಎಲ್ಲಿ ಕಳೆದನೋ, ಮರುದಿನ ಕಣ್ಣು ಕೆಂಪಾಗಿತ್ತು.

ಬೆಳಗ್ಗೆ ನಾವು ಐವರು ಅಂಗಳದ ಅಂಚಿನ ಕಾಳಿನ ಕೋಣೆಯ ಮರೆಯಲ್ಲಿ ನಿಂತೆವು. ಗೊರಸಣ್ಣ ಗೇಟಿಗೆ ಹತ್ತಿರ. ಅಕ್ಕ ಅವನ ಪಕ್ಕ, ಬೇಲಿಯ ಕಣ್ಣುಗಳಲ್ಲಿ ಬೆರಳು ತೂರಿಸಿಕೊಂಡು. ಡಾಕ್ಟರಮ್ಮನ ಕೈಯಲ್ಲಿ ಬಲೆ. ಸಾಹೇಬರು ಹಿಂದೆ, ನಾನು ಅವರ ಪಕ್ಕ.

ಜಿಂಕೆ ಒಳಗೆ ಬಂತು. ನಮ್ಮ ಕಡೆ ನೋಡಲೂ ಇಲ್ಲ. ತಲೆ ತಗ್ಗಿಸಿ ಮೇಯತೊಡಗಿತು. ಕೊಕ್ಕರೆಗಳೆರಡೂ ಮರಿಯ ಇಕ್ಕೆಲದಲ್ಲಿ ನಡೆಯುತ್ತಿದ್ದವು. ಜಿಂಕೆ ಸ್ವಲ್ಪ ಹತ್ತಿರವಾದಾಗ ಗಂಡು ಕೊಕ್ಕರೆ ರೆಕ್ಕೆ ಬಿಚ್ಚಿ ಕೂಗಿತು. ಜಿಂಕೆ ಪಕ್ಕಕ್ಕೆ ಸರಿಯಿತು. ಮೇಯುತ್ತಲೇ ಸರಿಯಿತು.

"ನೋಡಿ, ಪಾಪ," ಎಂದರು ಸಾಹೇಬರು ಮೆಲ್ಲಗೆ.

ಅಂಗಳದ ಆ ಬದಿಯ ತೊಟ್ಟಿಗೆ ಕಾಳು ಸುರಿದಿದ್ದರು. ಕೊಕ್ಕರೆಗಳು ಅತ್ತ ಹೆಜ್ಜೆ ಹಾಕಿದವು. ಅವುಗಳ ಉದ್ದ ಕಾಲಿಗೆ ಮರಿಯ ಕಾಲು ಸಾಟಿಯಾಗಲಿಲ್ಲ. ಅದು ಹಿಂದೆ ಬಿತ್ತು. ಜಿಂಕೆ ದಿಕ್ಕು ಬದಲಿಸಿತ್ತು. ಓಡಲಿಲ್ಲ, ಹೊಂಚು ಹಾಕಲಿಲ್ಲ, ಕಿವಿ ನಿಮಿರಿಸಲಿಲ್ಲ. ಹುಲಿ ಬೇಟೆಗೆ ಹೊರಟರೆ ನೋಡಿದವರಿಗೆ ತಿಳಿಯುತ್ತದೆ, ಮೈಯೆಲ್ಲ ಒಂದೇ ಗೆರೆಯಾಗುತ್ತದೆ. ಇದು ಹಾಗಲ್ಲ. ಒಂದು ಬಾಯಿ ಹುಲ್ಲು, ಒಂದು ಹೆಜ್ಜೆ, ಮತ್ತೊಂದು ಬಾಯಿ ಹುಲ್ಲು. ಅಪಾಯ ಎನ್ನುವುದಕ್ಕೆ ಅಲ್ಲಿ ಏನೂ ಗುರುತಿರಲಿಲ್ಲ.

ಗಂಡು ಕೊಕ್ಕರೆ ತೊಟ್ಟಿಯ ಹತ್ತಿರದಿಂದ ತಿರುಗಿ ನೋಡಿ ಕೂಗಿತು. ಆ ಕೂಗು ಕೇಳಿದರೆ ಮರಿ ಏನು ಮಾಡಬೇಕೆಂಬುದು ಅದರ ರಕ್ತದಲ್ಲೇ ಇದೆ. ಅದು ನೆಲಕ್ಕೆ ಅಂಟಿ ಕೂತಿತು. ಕತ್ತು ಚಾಚಿ, ಹುಲ್ಲಿನ ಬಣ್ಣದಲ್ಲಿ ಬೆರೆತು, ಕಲ್ಲಾಯಿತು. ನರಿಯಿಂದ, ಹದ್ದಿನಿಂದ ಅದನ್ನು ಉಳಿಸುವುದು ಅದೇ. ಬೇಟೆಗಾರನ ಕಣ್ಣು ಅಲುಗಾಡಿದ್ದನ್ನು ಹುಡುಕುತ್ತದೆ.

ಗೊರಸಣ್ಣ ತನಗೇ ಹೇಳಿಕೊಳ್ಳುವಂತೆ, "ಅಯ್ಯೋ, ಎದ್ದು ಓಡು," ಎಂದ. "ಮೇಯೋರಿಗೆ ಅಲುಗಾಡದೇ ಇರೋದೇ ಮೇವು. ಓಡು."

ಮರಿ ಓಡಲಿಲ್ಲ. ಜಿಂಕೆಯ ಮೂತಿ ಮರಿಯ ಪಕ್ಕದ ಹುಲ್ಲಿಗೆ ಬಂತು. ಹುಲ್ಲು ಕಿತ್ತ ಸದ್ದು ನಮಗೆ ಕೇಳಿಸಿತು. ಅಕ್ಕನ ಬೆರಳುಗಳು ತಂತಿಯಲ್ಲಿ ಬೆಳ್ಳಗಾಗಿದ್ದವು. ಅವಳು ಮರಿಯನ್ನು ನೋಡುತ್ತಿರಲಿಲ್ಲ, ಜಿಂಕೆಯನ್ನು ನೋಡುತ್ತಿದ್ದಳು. ತುಟಿ ಅಲುಗಾಡುತ್ತಿತ್ತು: "ಬೇಡ ಕೂಸೇ, ಬೇಡ, ಬೇಡ."

ಜಿಂಕೆ ತುಟಿ ಬಿಡಿಸಿತು. ಇನ್ನೊಂದು ಕ್ಷಣ ಕಾದಿದ್ದರೆ ಅಕ್ಕ ಕಾಯಂ ಆಗುತ್ತಿದ್ದಳು.

ಗೊರಸಣ್ಣ ಕಾಯಲಿಲ್ಲ. ಗೇಟನ್ನು ಹೆಗಲಿಂದ ತಳ್ಳಿ, ಬಾಯಿಗೆ ಬಂದಂತೆ ಕೂಗುತ್ತ ನುಗ್ಗಿದ. ಜಿಂಕೆ ಎಗರಿ ಹಾರಿತು. ಅವನು ನೆಲಕ್ಕೆ ಬಿದ್ದು ಮರಿಯನ್ನು ಎರಡೂ ಕೈಯಲ್ಲಿ ಮುಚ್ಚಿಕೊಂಡ. ಕೊಕ್ಕರೆಗಳೆರಡೂ ಓಡಿಬಂದು ಅವನ ಬೆನ್ನಿಗೆ ಕುಕ್ಕಿದವು. ಅಂಗಿ ಹರಿದು ರಕ್ತ ಬಂದರೂ ಅವನು ಏಳಲಿಲ್ಲ. ಡಾಕ್ಟರಮ್ಮ ಬಲೆ ಬೀಸಿ ಅವನ್ನು ಹಿಂದಕ್ಕೆ ಅಟ್ಟಿದರು.

ಹೊರಗೆ ಬಂದು ಕೈ ಬಿಚ್ಚಿ ತೋರಿಸಿದ. ಮರಿ ಬದುಕಿತ್ತು. ಅದರ ಒಂದು ಪಕ್ಕದ ತುಪ್ಪಳವೆಲ್ಲ ಒದ್ದೆ. ಹಸಿರು ಬೆರೆತ ಜೊಲ್ಲು.

"ಮೂಸಿದೆ. ನೆಕ್ಕಿದೆ," ಎಂದರು ಸಾಹೇಬರು. "ನಾನು ನೋಡಿದ್ದು ಅಷ್ಟೇ. ಷರತ್ತು ಏನಿತ್ತು ಗೊರಸಣ್ಣ?"

ಡಾಕ್ಟರಮ್ಮ ಏನೋ ಹೇಳಲು ಹೊರಟರು, ಸಾಹೇಬರು ಆಗಲೇ ತಿರುಗಿ ನಡೆದಿದ್ದರು.

ಕೊಳಾಯಿಯ ಹತ್ತಿರ ನಾನು ಅವನ ಬೆನ್ನಿನ ಗಾಯ ತೊಳೆಯುತ್ತಿದ್ದೆ. ಅಕ್ಕ ಬಂದಳು. ಬೈಯುತ್ತಾಳೆ ಎಂದುಕೊಂಡೆ. ಅವಳು ತಮ್ಮನ ತಲೆಯ ಮೇಲೆ ಕೈಯಿಟ್ಟಳು.

"ನನ್ನ ಕೂಸಿನ ಮಾನ ಉಳಿಸಿದೆ ಕಣಪ್ಪ."

"ಏನಕ್ಕ ಹಾಗಂದ್ರೆ?"

"ನಾನು ನೋಡಿದ್ದೆ. ಅವತ್ತು. ಬಾಗಿಲು ತೆಗೆದಾಗ ಅದರ ಬಾಯಿಂದ ಮರಿ ಕಾಲು ಈಚೆ ಕಾಣ್ತಿತ್ತು. ನನ್ನನ್ನ ನೋಡಿ ನುಂಗ್ತು. ನುಂಗಿ ಯಾವಾಗ್ಲೂ ಬರೋ ಹಾಗೇ ಬಂದು ಹಣೆ ಒತ್ತಿ ನಿಂತ್ಕೊಳ್ತು."

ಗೊರಸಣ್ಣ ಎದ್ದುನಿಂತ. ಅವನ ದನಿ ಅಷ್ಟು ಜೋರಾದದ್ದನ್ನು ನಾನು ಕೇಳಿದ್ದು ಅದೊಂದೇ ಸಲ. "ಗೊತ್ತಿದ್ದೂ ಸುಮ್ನಿದ್ದೆಯಾ? ಗೊತ್ತಿದ್ದೂ ಇವತ್ತು ಇನ್ನೊಂದು ಮರಿ ಹತ್ರ ಅದನ್ನ ಬಿಡೋಕೆ ಒಪ್ಪಿದೆಯಾ?"

"ಹೇಳಿದ್ರೆ ಏನ್ಮಾಡ್ತಿದ್ರು? ರಾಕ್ಷಸಿ ಅಂತ ಪೇಪರ್‌ನಲ್ಲಿ ಹಾಕಿ, ಒಂದು ಸೂಜಿ ಚುಚ್ಚಿ ಮಲಗಿಸ್ತಿದ್ರು. ನಾನು ಕಳ್ಳಿ ಅನ್ನಿಸ್ಕೊಂಡ್ರೆ ಹೋಗೋದು ಕೆಲಸ ಒಂದು. ಅದರದ್ದು ಜೀವ."

"ಮರಿದೇನು, ಜೀವ ಅಲ್ವಾ?"

ಅಕ್ಕ ಅವನನ್ನೇ ನೋಡಿದಳು. "ಬಿಟ್ಟು ನೋಡಿ ಅಂದೋನು ನೀನು."

ಕೊಳಾಯಿ ಸುರಿಯುತ್ತಲೇ ಇತ್ತು. ಮೂವರಲ್ಲಿ ಯಾರೂ ಅದನ್ನು ನಿಲ್ಲಿಸಲಿಲ್ಲ. ಗೊರಸಣ್ಣ ಮೆಲ್ಲಗೆ ಹೇಳಿದ. "ಅದಕ್ಕೆ ತಾನು ತಪ್ಪು ಮಾಡ್ದೆ ಅಂತ ಗೊತ್ತಿಲ್ಲ ಅಕ್ಕ. ಗೊತ್ತಿರೋದು ನಮಗೆ ಮಾತ್ರ. ನೀನು ಹೇಳದೇ ಹೋದ್ರೆ ನಾಳೆ ಬರೋ ಆಳು ಅದನ್ನ ಮತ್ತೆ ಮರಿಗಳ ಹತ್ರನೇ ಬಿಡ್ತಾನೆ. ಹುಲ್ಲು ತಿನ್ನೋದು ಅಂತ."

ಅಕ್ಕ ಸೆರಗಿನಲ್ಲಿ ಕೈ ಒರೆಸಿಕೊಂಡಳು. ಹಾಗೇ ಹೊರಟವಳು ನೇರವಾಗಿ ಸಾಹೇಬರ ಕೋಣೆಗೆ ಹೋದಳು. ನಾವು ಹಿಂದಿನಿಂದ ಓಡಿದೆವು. ಕೋಣೆಯಲ್ಲಿ ಡಾಕ್ಟರಮ್ಮನೂ ಇದ್ದರು, ಮರಿಯನ್ನು ಒಂದು ಬುಟ್ಟಿಯಲ್ಲಿಟ್ಟುಕೊಂಡು ಆಗಲೇ ವಾದ ಮಾಡುತ್ತಿದ್ದರು.

"ಸಾಹೇಬ್ರೇ, ತಿಂದಿದ್ದು ಅದೇ," ಎಂದಳು ಅಕ್ಕ. "ನಾನು ಕಣ್ಣಾರೆ ನೋಡಿದ್ದೀನಿ."

"ಈಗ ಹೇಳ್ತಿದ್ದೀರಾ?"

"ಈಗ ಹೇಳ್ತಿದ್ದೀನಿ. ಮುಚ್ಚಿಟ್ಟಿದ್ದಕ್ಕೆ ಕೆಲಸ ತೆಗೀರಿ. ಕದ್ದಿದ್ದಕ್ಕೆ ತೆಗೀಬೇಡಿ. ಆದ್ರೆ ಅದಕ್ಕೆ ಸೂಜಿ ಹಾಕಿಸ್ತೀರಾದ್ರೆ, ನಾನು ಈ ಬಾಗಿಲು ದಾಟಿದ ಮೇಲೆ ಏನೂ ನೋಡೇ ಇಲ್ಲ ಅಂತೀನಿ."

ಡಾಕ್ಟರಮ್ಮ ಮುಖ ತಿರುಗಿಸಿಕೊಂಡು ನಕ್ಕದ್ದು ನನಗೆ ಕಂಡಿತು. ಸಾಹೇಬರು ಮಾತ್ರ ನಗಲಿಲ್ಲ. ಸುಳ್ಳು ಹೇಳುವವಳು ತನ್ನ ಸಾಕುಮಗಳ ಮೇಲೆ ಸುಳ್ಳು ಹೇಳುವುದಿಲ್ಲ ಎಂದು ಅವರಿಗೂ ಅನ್ನಿಸಿರಬೇಕು. ಕಳ್ಳತನದ ಮಾತು ಅಲ್ಲಿಗೆ ನಿಂತಿತು. ಆದರೆ ಕಾಯಂ ಆಗಲಿಲ್ಲ. ಹಕ್ಕಿಗಳ ಕೆಲಸವನ್ನೂ ತಪ್ಪಿಸಿದರು. ಅಕ್ಕನ ಕೈಗೆ ದಾರಿ ಗುಡಿಸುವ ಪೊರಕೆ ಬಂತು. ಜಿಂಕೆಯನ್ನು ಒಂಟಿಯಾಗಿ ಎತ್ತರದ ಬೇಲಿಯೊಳಗೆ ಹಾಕಿದರು. ಅದರ ಮೇವಿಗೆ ಡಾಕ್ಟರಮ್ಮ ಮೂಳೆಪುಡಿ ಸೇರಿಸಿದರು. ಅದಕ್ಕೆ ಎರಡು ಬಾಗಿಲು, ಎರಡು ಬೀಗ ಬೇಕೆಂದು ಗೊರಸಣ್ಣ ಹಟ ಹಿಡಿದು ಮಾಡಿಸಿದ. ಹುಲಿಮನೆಯವರು ಬಂದು ನೋಡಿಕೊಂಡು ಹೋದರು, ಆ ಸಲ ಯಾರೂ ಕಿಚಾಯಿಸಲಿಲ್ಲ.

ಅಕ್ಕ ತಮ್ಮನ ಜೊತೆ ಬಹಳ ಕಾಲ ನೆಟ್ಟಗೆ ಮಾತಾಡಲಿಲ್ಲ. ಅವನು ಮರಿಯನ್ನು ಉಳಿಸಿದ್ದಕ್ಕಲ್ಲ, ತನ್ನ ಬಾಯಿಂದ ಜಿಂಕೆಯ ಹೆಸರು ಹೇಳಿಸಿದ್ದಕ್ಕೆ. ಅವನೂ ಕ್ಷಮೆ ಕೇಳಲಿಲ್ಲ. ಒಂದೇ ಮನೆಯಲ್ಲಿ ಊಟ, ಒಂದೇ ಬಸ್ಸು, ಮಾತು ಮಾತ್ರ ನನ್ನ ಮೂಲಕ. "ಅವನಿಗೆ ಹೇಳು, ಕೆಮ್ಮಿಗೆ ಔಷಧಿ ತಗೊಳ್ಳೋಕೆ." "ಅವಳಿಗೆ ಹೇಳು, ತಗೊಂಡಿದೀನಿ ಅಂತ." ಅವನು ಸುಳ್ಳು ಹೇಳುತ್ತಿದ್ದ, ತಗೊಂಡಿರುತ್ತಿರಲಿಲ್ಲ.

ಗೊರಸಿರುವುದು ಬೇಟೆಗಾರ ಆಗಬಹುದೇ ಎಂಬ ಆ ಹಳೆಯ ಪ್ರಶ್ನೆಯನ್ನು ಆಮೇಲೆ ನಾನು ಡಾಕ್ಟರಮ್ಮನಿಗೂ ಕೇಳಿದ್ದುಂಟು. ಮರಿ ತಿಂದ ಜಿಂಕೆ ಬೇಟೆಗಾರ ಜಾತಿಯ ಮೊದಲ ಮೆಟ್ಟಿಲಲ್ಲ, ಆ ಮೆಟ್ಟಿಲು ಅವುಗಳ ಮನೆಯಲ್ಲಿ ಹಿಂದಿನಿಂದ ಇದ್ದೇ ಇದೆ, ಹತ್ತುವ ಅಗತ್ಯ ಬಂದಿಲ್ಲ ಅಷ್ಟೇ, ಹುಲ್ಲು ಯಾವಾಗಲೂ ಹೆಚ್ಚು ಸಿಗುತ್ತದೆ ಎಂದರು. ಗೊರಸಣ್ಣನಿಗೆ ಹೇಳಿದೆ. "ಹತ್ತಿದ್ರೂ ನಮಗೆ ಗೊತ್ತಾಗಲ್ಲ ಬಿಡು," ಎಂದ. "ನಾವು ಉಗುರು, ಕೋರೆಹಲ್ಲು ಬರುತ್ತಾ ಅಂತ ನೋಡ್ತಾ ಕೂತಿರ್ತೀವಿ. ಅದು ಮೇಯ್ತಾನೇ ಬರುತ್ತೆ."

ಕೊನೆಯ ಸಲ ಅವನು ಮೃಗಾಲಯಕ್ಕೆ ಬಂದದ್ದು ಕೆಲಸ ಬಿಟ್ಟ ಮೇಲೆ, ನನ್ನ ತೋಳು ಹಿಡಿದುಕೊಂಡು. ಎರಡು ಹೆಜ್ಜೆಗೊಮ್ಮೆ ನಿಂತು ಉಸಿರೆಳೆದುಕೊಳ್ಳುತ್ತಿದ್ದ. ಜಿಂಕೆಗೂ ವಯಸ್ಸಾಗಿತ್ತು. ಬೇಲಿಯೊಳಗೆ ಒಂದು ಗುಬ್ಬಚ್ಚಿ ಇಳಿದು, ಹಾರಲು ಕಲಿಯುತ್ತಿದ್ದ ತನ್ನ ಮರಿಯನ್ನು ಹುಲ್ಲಿನಲ್ಲಿ ಬಿಟ್ಟು ಕಾಳು ಹುಡುಕುತ್ತಿತ್ತು. ಜಿಂಕೆ ಆಚೆ ಮೂಲೆಯಲ್ಲಿ ಮೇಯುತ್ತಿತ್ತು. ಒಂದು ಬಾಯಿ ಹುಲ್ಲು, ಒಂದು ಹೆಜ್ಜೆ. ಗುಬ್ಬಿಮರಿ ಅಲುಗಾಡದೆ ಕೂತಿತ್ತು. ಗೊರಸಣ್ಣನ ಬೆರಳು ನನ್ನ ತೋಳಿನಲ್ಲಿ ಕಚ್ಚಿಕೊಂಡಿತು. ಕೂಗಲು ಅವನ ಎದೆಯಲ್ಲಿ ಗಾಳಿ ಇರಲಿಲ್ಲ. ನಾನು ಬಾಯಿ ತೆರೆಯುವಷ್ಟರಲ್ಲಿ ದಾರಿಯ ತಿರುವಿನಿಂದ ಚಪ್ಪಾಳೆ ಕೇಳಿಸಿತು. ಜೋರಾಗಿ, ಮತ್ತೆ ಮತ್ತೆ. ಗುಬ್ಬಿಮರಿ ಬಿದ್ದು ಎದ್ದು ಬೇಲಿಯ ಕಣ್ಣಿನಿಂದ ಆಚೆ ನುಸುಳಿತು.

ಅಕ್ಕ ಪೊರಕೆಯನ್ನು ಕಂಕುಳಲ್ಲಿ ಅವುಚಿಕೊಂಡು ನಿಂತಿದ್ದಳು. ತಮ್ಮನನ್ನು ನೋಡಿ, ನನ್ನ ಮೂಲಕವಲ್ಲ, ಅವನಿಗೇ ಹೇಳಿದಳು. "ಈ ಕಡೆ ಬಂದಾಗೆಲ್ಲ ತಟ್ತೀನಿ ಕಣೋ. ಜನ ನನಗೆ ತಲೆ ಕೆಟ್ಟಿದೆ ಅಂದ್ಕೊಂಡಿದ್ದಾರೆ."

"ತಟ್ಟು ಅಕ್ಕ," ಎಂದ ಅವನು.

ಜಿಂಕೆ ತಲೆ ಎತ್ತಿ ಅಕ್ಕನ ದನಿ ಬಂದ ಕಡೆ ನೋಡಿತು. ಕಿವಿ ಒದರಿತು. ಆಮೇಲೆ ಮತ್ತೆ ಮೇಯತೊಡಗಿತು.